ಟ್ಯೂರಿನ್‌ನಲ್ಲಿ ಬಿಟ್ಟು ಬಂದ ಕಾಫಿ

"ಅಕ್ಕ, ಟ್ಯೂರಿನ್‌ನಲ್ಲಿ ಎರಡು ದಿನ ಇದ್ರೆ ಏನೇನು ನೋಡ್ಬೋದು ಅಂತ ಬರ್ದು ಕಳ್ಸೇ" ಎಂದು ವೆಸ್ಟ್‌ಮಂಟ್‌ನಲ್ಲಿರುವ ನನ್ನ ತಂಗಿ ವೀಣಾ ಕೇಳಿದ್ದಾಳೆ. ಬರುವ ಬೇಸಿಗೆಯಲ್ಲಿ ಅವಳೂ ಅವಳ ಗಂಡನೂ ಇಟಲಿ ಸುತ್ತುವವರಿದ್ದಾರೆ, ಒಂದು ವೀಕೆಂಡನ್ನು ಆ ಊರಿಗೆ ಎತ್ತಿಟ್ಟಿದ್ದಾರೆ. ಇಲ್ಲಿ ಡೆಟ್ರಾಯಿಟ್ ಪಕ್ಕದ ಟ್ರಾಯ್‌ನ ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ನಿಂತಾಗಲೂ ಇದೇ ಮಾತು. "ಹೇಗಿತ್ರೀ ಇಟಲಿ? ಒಂದು ಫೋಟೋನೂ ಹಾಕ್ಲಿಲ್ಲ ನೀವು." ನಾನು "ಚೆನ್ನಾಗಿತ್ತು, ತುಂಬಾ ನಡೀಬೇಕು ಅಷ್ಟೆ" ಎಂದು ಹೇಳಿ ಪುಳಿಯೋಗರೆಯ ಕಡೆ ತಿರುಗಿಬಿಡುತ್ತೇನೆ.

ವೀಣಾಗೆ ಹಾಗೆ ಹೇಳಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಆ ಊರಿನಲ್ಲಿ ನೋಡಬೇಕಾದ್ದು ಬಹಳ ಇದೆ, ನಾನು ಅದರಲ್ಲಿ ಕಾಲು ಭಾಗವನ್ನೂ ನೋಡಲಿಲ್ಲ. ಕಣ್ಣಿಗೆ ಕಟ್ಟಿದ ಹಾಗೆ ಉಳಿದಿರುವುದು ಒಂದು ಹಳೇ ಮನೆಯ ಮೆಟ್ಟಿಲು. ಅದು ನೆನಪಾದರೆ ಕಾರಿನಲ್ಲಿ ಒಬ್ಬಳೇ ಹೋಗುವಾಗಲೂ ನಾಚಿಕೆಯಿಂದ ಮುಖ ಬಿಸಿಯಾಗುತ್ತದೆ.

ಶುಕ್ರವಾರ: ಮೆಟ್ಟಿಲು

ನನ್ನ ಮಗಳು ಮೇಘನಾ ಕಾರು ಡಿಸೈನ್ ಓದುತ್ತಾಳೆ. ಕಳೆದ ವರ್ಷ ಒಂದು ಸೆಮಿಸ್ಟರ್ ಟ್ಯೂರಿನ್‌ನಲ್ಲಿದ್ದಳು. ಅಕ್ಟೋಬರ್‌ನಲ್ಲಿ ನಾನು ಅವಳನ್ನು ನೋಡಿಕೊಂಡು ಬರುತ್ತೇನೆಂದು ಹೊರಟೆ. ಆಬರ್ನ್ ಹಿಲ್ಸ್‌ನ ಆಫೀಸಿನಲ್ಲಿ ರಜೆ ಸಿಗದ ನನ್ನ ಗಂಡ, "ವೀಕೆಂಡಿಗೆ ಯಾರಾದ್ರೂ ಅಷ್ಟು ದೂರ ಹೋಗ್ತಾರಾ?" ಎಂದರು. ಮಗಳು ವಾರಗಟ್ಟಲೆ ಬ್ರೆಡ್ಡು ತಿಂದುಕೊಂಡಿದ್ದಾಳೆ ಎಂಬುದು ಗಂಡಸರ ತಲೆಗೆ ಹೋಗುವುದಿಲ್ಲ.

ಏರ್‌ಲೈನ್‌ನವರು ಐವತ್ತು ಪೌಂಡ್ ಬಿಡುತ್ತಾರೆ. ಬಿಟ್ಟಮೇಲೆ ಅದರಲ್ಲಿ ಒಂದು ಪೌಂಡನ್ನೂ ವ್ಯರ್ಥ ಮಾಡಬಾರದು ಎಂಬುದು ನಮ್ಮವರ ಅಲಿಖಿತ ಕಾನೂನು. ಸೂಟ್‌ಕೇಸನ್ನು ಬಾತ್‌ರೂಮಿನ ತೂಕದ ಯಂತ್ರದ ಮೇಲೆ ಇಟ್ಟು, ಇಳಿಸಿ, ಒಂದು ಪೊಟ್ಟಣ ತೆಗೆದು, ಇನ್ನೊಂದು ತುರುಕಿ, ಮುಳ್ಳು ಸರಿಯಾಗಿ ಐವತ್ತಕ್ಕೆ ನಿಲ್ಲುವವರೆಗೆ ನನಗೆ ಸಮಾಧಾನವಿರಲಿಲ್ಲ. ಸೋನಾ ಮಸೂರಿ ಅಕ್ಕಿ, ತೊಗರಿಬೇಳೆ, ಸಾರಿನ ಪುಡಿ, ಚಟ್ನಿಪುಡಿ, ಗೊಜ್ಜು, ಅವಲಕ್ಕಿ, ಇವೆಲ್ಲದರ ನಡುವೆ ಒಂದು ಪುಟ್ಟ ಪ್ರೆಷರ್ ಕುಕ್ಕರ್. ನನ್ನ ಬಟ್ಟೆ ಹ್ಯಾಂಡ್‌ಬ್ಯಾಗಿನಲ್ಲಿ ಹಿಡಿಸಿತು.

ಮೇಘು ಬಾಡಿಗೆಗಿದ್ದದ್ದು ಲೂಚಿಯಾ ಎಂಬ ವಯಸ್ಸಾದ ಹೆಂಗಸಿನ ಮನೆಯ ಒಂದು ಕೋಣೆಯಲ್ಲಿ. ಮೂರನೇ ಮಹಡಿ. ಎರಡನೇ ಮಹಡಿಯಲ್ಲಿ ಲೂಚಿಯಾ ಅವರ ಅಣ್ಣ ಪಿಯೆತ್ರೊ ಒಬ್ಬರೇ ಇದ್ದರು. ಎಪ್ಪತ್ತು ದಾಟಿದ, ತೆಳ್ಳಗಿನ, ಇಸ್ತ್ರಿ ಮಾಡಿದ ಶರ್ಟಿನ ಮನುಷ್ಯ. ಹಿಂದೆ ಕಾರಿನ ಕಾರ್ಖಾನೆಯಲ್ಲಿದ್ದವರು. ಏರ್‌ಪೋರ್ಟಿಗೆ ಬಂದಿದ್ದ ಮೇಘು ಜೊತೆ ನಾನು ಟ್ಯಾಕ್ಸಿ ಇಳಿದಾಗ ಅವರು ಕೆಳಗೆ ಬಾಗಿಲಲ್ಲೇ ಕಾಯುತ್ತಿದ್ದರು. ಮೇಘು ಅವರನ್ನು "ಪಿಯೆತ್ರೊ" ಎಂದು ಹೆಸರು ಹಿಡಿದು ಕರೆದಳು.

"ಅಂಕಲ್ ಅನ್ನೇ, ಅಷ್ಟು ದೊಡ್ಡೋರನ್ನ" ಎಂದು ಗದರಿದೆ.

"ಅಮ್ಮಾ, ಹಿ ವಿಲ್ ಬಿ ಇನ್ಸಲ್ಟೆಡ್" ಎಂದಳು.

ಲಿಫ್ಟ್ ಕೆಟ್ಟಿತ್ತು. ಪಿಯೆತ್ರೊ ನನ್ನ ಸೂಟ್‌ಕೇಸಿನ ಹಿಡಿಗೆ ಕೈ ಹಾಕಿದರು. ಅದು ಎಷ್ಟು ಭಾರವಿದೆ ಎಂಬುದು ಇಡೀ ಪ್ರಪಂಚದಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಬೇಡ ಎಂದು ಒಂದು ಸಲ ಅಂದೆ. ನಮ್ಮಲ್ಲಿ ಇನ್ನಷ್ಟು ಉಪ್ಪಿಟ್ಟು ಬಡಿಸುವಾಗ ಬೇಡ ಅನ್ನುತ್ತೇವಲ್ಲ, ಅಂಥ ಬೇಡ. ಮೇಘು ನಾನು ತರುತ್ತೇನೆಂದು ಮುಂದೆ ಬಂದರೂ ಅವರು ಬಿಡಲಿಲ್ಲ. ರಾತ್ರಿಯೆಲ್ಲ ಪ್ರಯಾಣ ಮಾಡಿ ನನಗೂ ಸುಸ್ತಾಗಿತ್ತು. ಸುಮ್ಮನಾದೆ.

ಹತ್ತುತ್ತ ಅವರು ಮೇಘು ಮೂಲಕ ನಮ್ಮ ಊರು ಯಾವುದೆಂದು ಕೇಳಿದರು. ಟ್ರಾಯ್ ಎಂದರೆ ಯಾರಿಗೆ ಗೊತ್ತು, ಡೆಟ್ರಾಯಿಟ್ ಎಂದೆ. ಅವರ ಮುಖ ಅರಳಿತು. ವಯಸ್ಸಿನಲ್ಲಿದ್ದಾಗಿನಿಂದ ಆ ಕಾರುಗಳ ಊರು ನೋಡುವ ಆಸೆಯಂತೆ.

"ಬನ್ನಿ ಅಂತ ಹೇಳು. ನಮ್ಮನೇಲೇ ಉಳ್ಕೊಳ್ಳಿ ಅಂತ ಹೇಳು" ಎಂದೆ.

ಮೇಘು ನನ್ನನ್ನೇ ನೋಡಿದಳು. "ರಿಯಲಿ?"

"ಹೇಳೇ, ಬಾಯಿಮಾತಿಗೆ ಏನು ಖರ್ಚು."

ಅವಳು ಹೇಳಿದಳು. ಪಿಯೆತ್ರೊ ಎರಡನೇ ಮಹಡಿಯ ಹತ್ತಿರ ನಿಂತರು. ಸೂಟ್‌ಕೇಸ್ ಕೆಳಗಿಟ್ಟು, ಎದೆಯ ಮೇಲೆ ಕೈ ಇಟ್ಟುಕೊಂಡು, ನನಗೆ ತಲೆಬಾಗಿದರು. ಥ್ಯಾಂಕ್ಸ್ ಹೇಳುವ ರೀತಿ ಎಷ್ಟು ಚೆಂದ ಅಂದುಕೊಂಡೆ. ಆಮೇಲೆ ಅವರು ಅದನ್ನು ಮತ್ತೆ ಎತ್ತಿಕೊಂಡು ಮೂರನೇ ಮಹಡಿಗೆ ತಲುಪಿಸಿದರು.

ಶನಿವಾರ: ಮಮ್ಮಿ, ಬಸವ, ಸೇವಂತಿಗೆ

ವೀಣಾ, ಈ ಭಾಗವನ್ನು ನೀನು ಉಪಯೋಗಿಸಿಕೊಳ್ಳಬಹುದು. ಬೆಳಗ್ಗೆ ಈಜಿಪ್ಟಿನ ಮ್ಯೂಸಿಯಂಗೆ ಹೋಗು. ಈಜಿಪ್ಟಿನದು ಇಟಲಿಗೆ ಯಾಕೆ ಬಂತು ಎಂದು ಕೇಳಬೇಡ, ಬಂದಿದೆ. ಬಟ್ಟೆ ಸುತ್ತಿದ ಮಮ್ಮಿಗಳನ್ನು ಗಾಜಿಗೆ ಮೂಗು ಒತ್ತಿ ನೋಡಿದೆ. ಒಂದು ಗಂಡ ಹೆಂಡತಿಯ ಗೋರಿಯಲ್ಲಿ ಸತ್ತವರ ಜೊತೆ ಬ್ರೆಡ್ಡು, ಬಟ್ಟೆ, ಪೆಟ್ಟಿಗೆಗಳು, ಕೂದಲಿನ ಟೋಪನ್ ಕೂಡ ಇಟ್ಟಿದ್ದಾರೆ. "ನೋಡು, ಇವ್ರೂ ನನ್ ಹಾಗೇ ಪ್ಯಾಕ್ ಮಾಡಿದಾರೆ" ಎಂದೆ. ಮೇಘು ನಕ್ಕಳು. ಹೊರಗೆ ಬಂದು ಇಬ್ಬರೂ ಹೊಟ್ಟೆ ತುಂಬ ಚೀಸ್ ಸ್ಯಾಂಡ್‌ವಿಚ್ ತಿಂದೆವು.

ಆ ಊರಿನ ಲಾಂಛನ ಗೂಳಿ. ಮೂಲೆಮೂಲೆಗೆ ಹಸಿರು ಬಣ್ಣದ ಕಬ್ಬಿಣದ ನಲ್ಲಿ, ಅದರಲ್ಲಿ ಗೂಳಿಯ ಬಾಯಿಂದ ನೀರು ಹಗಲೂ ರಾತ್ರಿ ಬೀಳುತ್ತಿರುತ್ತದೆ. ನನಗೆ ಮೊದಲ ದಿನವೇ ಬಸವನ ತೀರ್ಥ ಅನ್ನಿಸಿ ಒಂದು ಬೊಗಸೆ ಕುಡಿದಿದ್ದೆ. ಆದರೆ ದೊಡ್ಡ ಚೌಕದ ಒಂದು ಕಮಾನಿನ ಕೆಳಗೆ ಅದೇ ಗೂಳಿಯನ್ನು ನೆಲದಲ್ಲಿ ಕೂರಿಸಿದ್ದಾರೆ, ಅದೃಷ್ಟ ಬರಲೆಂದು ಜನ ಅದನ್ನು ತುಳಿದು ಹೋಗುತ್ತಾರೆ. ನಾನು ಸುತ್ತು ಹಾಕಿಕೊಂಡು ದಾಟಿದೆ, ಅಪ್ಪಿತಪ್ಪಿ ಚಪ್ಪಲಿ ತಾಗಿದ್ದಕ್ಕೆ ಕೆನ್ನೆ ಬಡಿದುಕೊಂಡೆ. ಇಷ್ಟೆಲ್ಲ ಭಯಭಕ್ತಿ ಇರುವವಳು ನಾನು ಎಂದು ನನಗೇ ಹೆಮ್ಮೆಯಾಯಿತು.

ಮಧ್ಯಾಹ್ನ ಬಯಲು ಮಾರುಕಟ್ಟೆಗೆ ಹೋದೆವು. ಮೈಸೂರಿನ ದೇವರಾಜ ಮಾರುಕಟ್ಟೆಯನ್ನು ಬಿಚ್ಚಿ ಹಾಸಿದ ಹಾಗಿತ್ತು. ಅಲ್ಲಿ ಒಬ್ಬನ ಹತ್ತಿರ ಬುಟ್ಟಿಗಟ್ಟಲೆ ಸೇವಂತಿಗೆ, ಬಿಳಿ ಮತ್ತು ಹಳದಿ. ಟ್ರಾಯ್‌ನಲ್ಲಿ ಅಂಥ ಹೂವಿಗೆ ಹಬ್ಬದ ದಿನ ಎಷ್ಟು ಹುಡುಕುತ್ತೇವೆ. ಲೂಚಿಯಾಗೆ ಏನಾದರೂ ತೆಗೆದುಕೊಳ್ಳಬೇಕಿತ್ತು, ಅವರ ಮನೆಯಲ್ಲಿದ್ದು ಬರಿಗೈಯಲ್ಲಿ ಹೋಗುವುದು ಹೇಗೆ.

"ಅಮ್ಮ, ನೋ. ಇದು ಗ್ರೇವ್‌ಗೆ ಇಡೋ ಹೂವು ಇಲ್ಲಿ" ಎಂದಳು ಮೇಘು.

"ಹೂವು ಹೂವೇ ಕಣೇ. ದೇವರ ತಲೆ ಮೇಲೆ ಇಡ್ತೀವಿ ನಾವು."

"ಪ್ಲೀಸ್, ಅಮ್ಮ."

ನಾನು ದೊಡ್ಡ ಗೊಂಚಲನ್ನೇ ಕಟ್ಟಿಸಿದೆ. ಅವಳು ದಾರಿಯುದ್ದಕ್ಕೂ ನನ್ನಿಂದ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು.

ಶನಿವಾರ ಸಂಜೆ: ಎರಡನೇ ಮಹಡಿ

ಕೆಳಗೆ ಬೀದಿಯ ಬಾಗಿಲು ತೆರೆದಿತ್ತು. ಮೆಟ್ಟಿಲ ಮೇಲೆ ಅಲ್ಲಲ್ಲಿ ಜನ ನಿಂತಿದ್ದರು, ಎಲ್ಲರೂ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ನನ್ನ ಕೈಯ ಹೂವು ನೋಡಿ ಗೋಡೆಗೆ ಸರಿದು ದಾರಿ ಬಿಟ್ಟರು. ಮೇಘು ಒಬ್ಬರನ್ನು ಏನೋ ಕೇಳಿ ಬಾಯಿ ಮುಚ್ಚಿಕೊಂಡಳು.

"ಅಮ್ಮ, ಪಿಯೆತ್ರೊ ಹೋಗ್ಬಿಟ್ರಂತೆ."

ನಾವು ಹೊರಟ ಮೇಲೆ, ಬೆಳಗಿನ ಕಾಫಿಗೆ ಬರಲಿಲ್ಲವೆಂದು ಲೂಚಿಯಾ ಇಳಿದು ಹೋಗಿ ನೋಡಿದರೆ, ಕುರ್ಚಿಯಲ್ಲಿ ಕೂತವರು ಕೂತ ಹಾಗೇ ಇದ್ದರಂತೆ. ಹಾರ್ಟ್ ಅಟ್ಯಾಕ್. ಮೇಘು ಮ್ಯೂಸಿಯಂನಲ್ಲಿ ಸೈಲೆಂಟ್ ಮಾಡಿದ್ದ ಫೋನನ್ನು ಈಗ ತೆಗೆದಳು. ಲೂಚಿಯಾ ಮೂರು ಸಲ ಕರೆ ಮಾಡಿದ್ದರು.

ಎರಡನೇ ಮಹಡಿಯ ಮನೆಯೊಳಗಿಂದ ಲೂಚಿಯಾ ನಮ್ಮನ್ನು ನೋಡಿ ಎದ್ದು ಬಂದರು. ನನ್ನ ಕೈಯಲ್ಲಿದ್ದ ಸೇವಂತಿಗೆ ನೋಡಿ ಅದನ್ನು ಇಸಿದುಕೊಂಡು, ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಕೆನ್ನೆಗೆ ಕೆನ್ನೆ ಒತ್ತಿ ಅತ್ತರು. ಸುತ್ತ ಇದ್ದವರು ನನ್ನನ್ನು ಎಷ್ಟು ಗೌರವದಿಂದ ನೋಡಿದರು ಎಂದರೆ, ಇದು ಹಾಗಲ್ಲ, ಬೇರೆ ಕಾರಣಕ್ಕೆ ತಂದದ್ದು ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಇಲ್ಲದ ದೊಡ್ಡತನವನ್ನು ಹಾಗೇ ಇಟ್ಟುಕೊಂಡೆ.

ಒಳಗಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಮಂಚದ ತುದಿ, ಪಾಲಿಶ್ ಮಾಡಿದ ಕಪ್ಪು ಶೂಗಳು ಕಾಣುತ್ತಿದ್ದವು. ಒಬ್ಬಾಕೆ ತಟ್ಟೆಯಲ್ಲಿ ಸಣ್ಣಸಣ್ಣ ಕಪ್ಪುಗಳಲ್ಲಿ ಕಾಫಿ ತಂದಳು. ಲೂಚಿಯಾ ತಾವೇ ಒಂದು ಕಪ್ಪು ತೆಗೆದು ನನ್ನ ಕೈಗೆ ಕೊಟ್ಟರು.

ಹೆಣವಿರುವ ಮನೆಯಲ್ಲಿ ನಾವು ನೀರು ಕೂಡ ಮುಟ್ಟುವುದಿಲ್ಲ. ಚಿಕ್ಕಂದಿನಿಂದ ನೋಡಿದ್ದು. ಹೋಗಬೇಕು, ನೋಡಬೇಕು, ಮನೆಗೆ ಬಂದು ತಲೆಗೆ ನೀರು ಹಾಕಿಕೊಳ್ಳಬೇಕು, ಆಮೇಲೆ ಉಳಿದದ್ದು. ನಾನು ಕಪ್ಪನ್ನು ಮೇಜಿನ ಮೇಲೆ ಇಟ್ಟುಬಿಟ್ಟೆ. ಅವರು ಅದನ್ನು ಮತ್ತೆ ನನ್ನ ಕಡೆ ತಳ್ಳಿದರು. ನಾನು "ನೋ, ನೋ" ಎನ್ನುತ್ತ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಲೂಚಿಯಾ ನನ್ನ ಕೈಯನ್ನು, ಆಮೇಲೆ ಕಪ್ಪನ್ನು ನೋಡಿದರು. ನಾನು ಮೇಘುವಿನ ರಟ್ಟೆ ಹಿಡಿದು ಹೊರಗೆ ನಡೆದೆ. ಒಂದು ಮಾತೂ ಆಡಲಿಲ್ಲ. ಅದೂ ನಮ್ಮ ಪದ್ಧತಿಯೇ. ಸಾವಿನ ಮನೆಯಿಂದ ಹೊರಡುವಾಗ ಹೋಗಿ ಬರುತ್ತೇನೆ ಅನ್ನಬಾರದು, ಹೇಳದೆ ಎದ್ದು ಬರಬೇಕು. ಇವೆಲ್ಲ ಅಲ್ಲಿ ಯಾರಿಗೆ ಗೊತ್ತು? ಅವರ ಪಾಲಿಗೆ, ಕೊಟ್ಟ ಕಾಫಿಯನ್ನು ತಳ್ಳಿ ಬೆನ್ನು ತಿರುಗಿಸಿ ಹೋದ ಹೆಂಗಸು ನಾನು.

ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಮನೆಯೆದುರೇ ಆ ಗೂಳಿಯ ನಲ್ಲಿ ಇತ್ತು. ನಾನು ಬೊಗಸೆಯಲ್ಲಿ ನೀರು ಹಿಡಿದು ನನ್ನ ತಲೆಗೆ ಚಿಮುಕಿಸಿಕೊಂಡೆ, ಮೇಘುವಿಗೂ ಚಿಮುಕಿಸಿದೆ. ಅವಳು ಹಿಂದಕ್ಕೆ ಹಾರಿದಳು. ಮೇಲೆ ನೋಡಿದರೆ ಎರಡನೇ ಮಹಡಿಯ ಕಿಟಕಿಯಲ್ಲಿ ಇಬ್ಬರು ನಿಂತು ನಮ್ಮನ್ನೇ ನೋಡುತ್ತಿದ್ದರು.

"ವಾಟ್ ಆರ್ ಯು ಡೂಯಿಂಗ್?" ಮೇಘುವಿನ ಕಣ್ಣಲ್ಲಿ ನೀರಿತ್ತು. "ಬೆಳಗ್ಗೆ ಅಷ್ಟು ಡೆಡ್ ಬಾಡೀಸ್ ನೋಡಿ ಸ್ಯಾಂಡ್‌ವಿಚ್ ತಿಂದ್ಯಲ್ಲ ಅಮ್ಮ, ಅದು ಓಕೆನಾ? ಪಿಯೆತ್ರೊ ನಂಗೆ ದಿನಾ ಇಟ್ಯಾಲಿಯನ್ ಹೇಳ್ಕೊಡ್ತಿದ್ರು."

"ಅದು ಬೇರೆ, ಇದು ಬೇರೆ ಪುಟ್ಟ."

"ಹೌ?"

ನಾನು ಅವಳ ಕೈ ಹಿಡಿದುಕೊಂಡೆ. ಅವಳು ನನ್ನ ಕೈ ಬಿಡಿಸಿಕೊಂಡು ಮೆಟ್ಟಿಲು ಹತ್ತಿ ಹೋದಳು. ನಾನು ಸ್ಟೇಷನ್ನಿನ ಹತ್ತಿರ ಒಂದು ಹೋಟೆಲ್ ಹಿಡಿದು ತಲೆಗೆ ಸ್ನಾನ ಮಾಡಿದೆ. ಗಂಡನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ.

"ಪಾಪ. ವಯಸ್ಸಾಗಿತ್ತು ಬಿಡು, ನೀನ್ಯಾಕೆ ತಲೆ ಕೆಡಿಸ್ಕೋತೀಯ" ಎಂದರು. ಕೊನೆಗೆ, "ಸ್ನಾನ ಆಯ್ತು ತಾನೆ?" ಎಂದು ಕೇಳಿದರು.

ಸ್ನಾನ ಆಗಿತ್ತು. ಆದರೆ ಒದ್ದೆ ಕೂದಲಲ್ಲಿ ಕೂತಾಗ ನನಗೆ ಒಂದು ವಿಷಯ ಸ್ಪಷ್ಟವಾಯಿತು. ನಾನು ಓಡಿ ಬಂದದ್ದು ಸೂತಕಕ್ಕೆ ಹೆದರಿ ಅಲ್ಲ. ಆ ಕಪ್ಪು ಶೂಗಳನ್ನು ಕಂಡ ಕ್ಷಣ ನನ್ನ ತಲೆಯಲ್ಲಿ ಬಂದದ್ದು ಸೂಟ್‌ಕೇಸು. ಅವರು ಎದೆಯ ಮೇಲೆ ಕೈ ಇಟ್ಟುಕೊಂಡು ನಿಂತದ್ದು. ಅದು ಥ್ಯಾಂಕ್ಸೋ, ಎದೆನೋವೋ? ಅಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಂತರೆ ಯಾರಾದರೂ ಅದನ್ನೇ ಕೇಳುತ್ತಾರೆ ಎಂದು ನಾನು ಹೆದರಿದ್ದೆ. ಮಡಿ, ಪದ್ಧತಿ ಎಲ್ಲ ಕೈಗೆ ಸಿಕ್ಕ ನೆಪ. ಹಿರಿಯರು ಹೇಳಿಕೊಟ್ಟದ್ದನ್ನು ಹೀಗೆ ಮುಖ ಮುಚ್ಚಿಕೊಳ್ಳಲು ಉಪಯೋಗಿಸಿದೆನಲ್ಲ ಎಂದು ನಿಜವಾಗಿ ನಾಚಿಕೆಯಾಯಿತು.

ಭಾನುವಾರ: ಮೂರನೇ ಮಹಡಿ

ಮಧ್ಯಾಹ್ನ ನನ್ನ ವಿಮಾನ. ಬೆಳಗ್ಗೆ ಮೇಘುವಿನ ಮೆಸೇಜ್ ಬಂತು. "ಡೋಂಟ್ ಕಮ್. ಸೂಟ್‌ಕೇಸ್ ನಾನೇ ಇಳಿಸಿ ಹೋಟೆಲ್‌ಗೆ ತರ್ತೀನಿ." ಇದಕ್ಕಿಂತ ಸುಲಭ ಇನ್ನೇನಿದೆ. ಸರಿ ಎಂದು ಟೈಪ್ ಮಾಡಿದೆ. ಕಳಿಸುವ ಮುಂಚೆ, ಆ ಸೂಟ್‌ಕೇಸನ್ನು ಆ ಮೆಟ್ಟಿಲ ಮೇಲೆ ಇನ್ನೊಬ್ಬರು ಹೊರುವುದು ಕಣ್ಣ ಮುಂದೆ ಬಂತು. ಅಳಿಸಿದೆ. "ಬರ್ತಿದೀನಿ, ಮುಟ್ಟಬೇಡ" ಎಂದು ಬರೆದು ಹೊರಟೆ.

ಮೆಟ್ಟಿಲು ಖಾಲಿಯಿತ್ತು. ಎರಡನೇ ಮಹಡಿಯ ಬಾಗಿಲು ಮುಚ್ಚಿತ್ತು. ಮೂರನೇ ಮಹಡಿಯ ಅಡುಗೆಮನೆಯಲ್ಲಿ ಲೂಚಿಯಾ ಕೂತಿದ್ದರು, ಪಕ್ಕದಲ್ಲಿ ಮೇಘು ಈರುಳ್ಳಿ ಹೆಚ್ಚುತ್ತಿದ್ದಳು. ಗೋಡೆಯ ಗೂಡಿನಲ್ಲಿ ಪಿಯೆತ್ರೊ ಅವರ ಫೋಟೋ, ಅದರ ಮುಂದೆ ಗಾಜಿನ ಜಗ್ಗಿನಲ್ಲಿ ನನ್ನ ಸೇವಂತಿಗೆ. ಲೂಚಿಯಾ ನನ್ನನ್ನು ನೋಡಿ ಏಳಲಿಲ್ಲ, ಕುರ್ಚಿ ತೋರಿಸಿದರು. ಕೂತೆ.

"ಹೂವು ಅವರಿಗೆ ಅಂತ ತಂದಿದ್ದಲ್ಲ, ಗೊತ್ತಿಲ್ದೆ ತಂದಿದ್ದು ಅಂತ ಹೇಳು" ಎಂದೆ.

"ನಿನ್ನೆನೇ ಹೇಳಿದೆ" ಎಂದಳು ಮೇಘು. "ಕಾಫಿ ವಿಷಯಾನೂ ಹೇಳಿದೀನಿ. ನಮ್ ಕಡೆ ಹಾಗೆ ಅಂತ."

ಮಗಳು ನನ್ನ ಪರವಾಗಿ ವಾದಿಸಿದ್ದಳು. ನಿಜ ಕಾರಣ ಅವಳಿಗೂ ಗೊತ್ತಿರಲಿಲ್ಲ. ಲೂಚಿಯಾ ಫೋಟೋ ಕಡೆ ನೋಡುತ್ತ ನಿಧಾನವಾಗಿ ಏನೋ ಹೇಳಿದರು. ಮೇಘು ತುಂಡುತುಂಡಾಗಿ ಅನುವಾದ ಮಾಡಿದಳು.

"ಶುಕ್ರವಾರ ಸಂಜೆ ನಾವು ಸುತ್ತೋಕೆ ಹೋಗಿದ್ದಾಗ ಪಿಯೆತ್ರೊ ಊಟಕ್ಕೆ ಮೇಲೆ ಬಂದಿದ್ರಂತೆ. ಏಪ್ರಿಲ್‌ನಲ್ಲಿ ಡೆಟ್ರಾಯಿಟ್‌ಗೆ ಹೋಗ್ತೀನಿ ಅಂದ್ರಂತೆ. ಸಿನ್ಯೋರಾ, ಅಂದ್ರೆ ನೀನು, ಕರ್ದಿದಾರೆ, ಅವರ ಮನೇಲೇ ಇರ್ತೀನಿ ಅಂತ. ಏಪ್ರಿಲ್‌ನಲ್ಲಿ ಅಲ್ಲಿ ಇನ್ನೂ ಚಳಿನಾ, ಕೋಟ್ ಬೇಕಾಗುತ್ತಾ ಅಂತ ನಿನ್ನ ಕೇಳ್ಬೇಕು ಅಂದ್ಕೊಂಡಿದ್ರಂತೆ."

ನಾನು ಇಷ್ಟು ವರ್ಷದಲ್ಲಿ ಎಷ್ಟು ಜನರನ್ನು ಹೀಗೆ ಮನೆಗೆ ಕರೆದಿದ್ದೇನೋ ಲೆಕ್ಕವಿಲ್ಲ. ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ, ಅಂಗಡಿಯಲ್ಲಿ, ಕನ್ನಡ ಕೂಟದ ಊಟದ ಸಾಲಿನಲ್ಲಿ. ಅವರೂ ಬರುತ್ತೇವೆ ಅನ್ನುತ್ತಾರೆ, ಯಾರೂ ಬರುವುದಿಲ್ಲ, ಯಾರಿಗೂ ಬೇಸರವಿಲ್ಲ. ಈ ಮನುಷ್ಯ ಕೋಟಿನ ಯೋಚನೆ ಮಾಡಿದ್ದರು.

"ಮೇಘು, ಒಂದು ಕೇಳು ಅವರನ್ನ" ಎಂದೆ. "ನನ್ನ ಸೂಟ್‌ಕೇಸ್ ಹೊತ್ತಿದ್ದಕ್ಕೇ ಹೀಗಾಯ್ತಾ ಅಂತ."

ಅವಳ ಚಾಕು ನಿಂತಿತು. "ಅಮ್ಮ, ನಾನು ಕೇಳಲ್ಲ."

"ಕೇಳು ಪುಟ್ಟ. ಅದಕ್ಕೇ ಓಡಿ ಹೋಗಿದ್ದು ನಾನು. ಪದ್ಧತಿ ಅನ್ನೋದೆಲ್ಲ ನೆಪ."

ಮೇಘು ಚಾಕು ಕೆಳಗಿಟ್ಟು ತಗ್ಗಿದ ದನಿಯಲ್ಲಿ ಕೇಳಿದಳು. ಲೂಚಿಯಾ ತಕ್ಷಣ ಇಲ್ಲ ಎಂದು ತಲೆಯಾಡಿಸಲಿ ಎಂದು ನಾನು ಕಾದೆ. ನಮ್ಮಲ್ಲಾದರೆ ಹಾಗೆ ಮಾಡುತ್ತಾರೆ, ಅಯ್ಯೋ ಬಿಡಿ, ಅವರ ಆಯಸ್ಸು ಅಷ್ಟೇ ಇತ್ತು ಅನ್ನುತ್ತಾರೆ. ಅವರು ಹಾಗೆ ಅನ್ನಲಿಲ್ಲ. ಮೇಜಿನ ಮೇಲಿನ ಬಟ್ಟೆಯ ಮಡಿಕೆಯನ್ನು ಬೆರಳಿನಿಂದ ತೀಡುತ್ತ ಯೋಚಿಸಿ ಹೇಳಿದರು.

"ಡಾಕ್ಟರ್ ಅವರಿಗೆ ಭಾರ ಎತ್ಬೇಡ ಅಂದಿದ್ರಂತೆ. ಅವರು ಯಾರ ಮಾತೂ ಕೇಳ್ತಿರ್ಲಿಲ್ಲ. ಅಲ್ಲಿ ಇವರೇ ಇದ್ದಿದ್ರೂ ತಡೆಯೋಕೆ ಆಗ್ತಿರ್ಲಿಲ್ಲ." ಮೇಘು ಮುಂದಿನ ತುಂಡಿಗೆ ಕಿವಿಗೊಟ್ಟಳು. "ಸೂಟ್‌ಕೇಸಿಂದ ಆಯ್ತಾ, ಇಲ್ವಾ, ಇವರಿಗೂ ಗೊತ್ತಿಲ್ವಂತೆ."

ಲೂಚಿಯಾ ಎದ್ದು ಒಲೆ ಹಚ್ಚಿದರು. ಸಣ್ಣ ಪಾತ್ರೆಯಲ್ಲಿ ಕಾಫಿ ಬುಸುಗುಟ್ಟಿ ಮೇಲೆ ಬಂತು. ಕಪ್ಪಿಗೆ ಸುರಿದು ನನ್ನ ಮುಂದೆ ಇಟ್ಟರು, ಕೈಗೆ ಕೊಡಲಿಲ್ಲ. ಬೇಕಾದರೆ ಕುಡಿ, ಬೇಡವಾದರೆ ಬಿಡು ಎಂಬಂತೆ ಕಿಟಕಿಯ ಕಡೆ ತಿರುಗಿದರು. ಕೆಳಗಿನ ಮಹಡಿಯಲ್ಲಿ ಅವರಣ್ಣ ಇನ್ನೂ ಮಲಗಿದ್ದರು, ಮಣ್ಣು ಮರುದಿನ. ನಾನು ಕಪ್ಪು ತೆಗೆದುಕೊಂಡು ಕುಡಿದೆ. ಹಾಲಿಲ್ಲ, ವಿಪರೀತ ಕಹಿ. ಕಪ್ಪು ಬಗ್ಗಿಸಿ ಕೊನೆಯ ಹನಿಯವರೆಗೂ ಕುಡಿದೆ.

ಆಮೇಲೆ, ಬಂದಾಗಿನಿಂದ ಬಿಚ್ಚಲು ಪುರುಸೊತ್ತಾಗದ ಸೂಟ್‌ಕೇಸ್ ತೆರೆದು ಎಲ್ಲವನ್ನೂ ಅಡುಗೆಮನೆಯ ಮೇಜಿನ ಮೇಲೆ ಇಟ್ಟೆ. ಅಕ್ಕಿ, ಬೇಳೆ, ಪುಡಿಗಳು, ಕುಕ್ಕರ್. ಅಷ್ಟನ್ನೂ ಹೊರಗೆ ಹರಡಿದಾಗ ಎಷ್ಟು ಕಡಿಮೆ ಕಂಡಿತು ಎಂದರೆ, ಇದಕ್ಕೋಸ್ಕರವಾ ಅನ್ನಿಸಿತು. ಲೂಚಿಯಾ ಒಂದು ಪೊಟ್ಟಣ ಮೂಸಿ ನೋಡಿದರು. ಸಾರಿನ ಪುಡಿ. ಮರುದಿನ ಬರುವ ನೆಂಟರಿಗೆ ಅದರಲ್ಲಿ ಏನಾದರೂ ಮಾಡಿಕೊಡುತ್ತೇನೆ ಎಂದು ಮೇಘು ಅವರಿಗೆ ಹೇಳಿದಳು, ಅವರು ಹೂಂ ಎಂದರು.

ಹೊರಡುವ ಹೊತ್ತಾಯಿತು. ಸೂಟ್‌ಕೇಸಿಗೆ ಮೇಘು ಕೈ ಹಾಕಿದಳು, ನಾನು ಬಿಡಲಿಲ್ಲ. ಬಾಗಿಲಲ್ಲಿ ಲೂಚಿಯಾ ನಿಂತಿದ್ದರು. ಮೌನವಾಗಿ ಇಳಿದುಬಿಡು ಎಂದು ನನ್ನೊಳಗಿನ ಅಭ್ಯಾಸ ಹೇಳುತ್ತಿತ್ತು. ನಾನು ಅವರ ಎರಡೂ ಕೈ ಹಿಡಿದುಕೊಂಡು, ನನ್ನ ತಾಯಿ ಕೇಳಿದ್ದರೆ ಬೆಚ್ಚಿ ಬೀಳುವಂಥ ಮಾತನ್ನು ಕನ್ನಡದಲ್ಲೇ ಹೇಳಿದೆ.

"ಹೋಗಿ ಬರ್ತೀನಿ."

ಲೂಚಿಯಾ ಮೇಘುವಿನ ಮುಖ ನೋಡಿದರು. ಮೇಘು ಇಟ್ಯಾಲಿಯನ್‌ನಲ್ಲಿ ಹೇಳಿದಳು. ಅವರು ನನ್ನ ಕೈ ಬಿಡದೆ ಒಂದೇ ಮಾತು ಕೇಳಿದರು.

"ಯಾವಾಗ ಅಂತಿದಾರೆ, ಅಮ್ಮ."

ಹುಟ್ಟಿದಾಗಿನಿಂದ ಈ ಮಾತು ಹೇಳಿಕೊಂಡು ಬಂದಿದ್ದೇನೆ. ಯಾವಾಗ ಎಂದು ಯಾರೂ ಕೇಳಿರಲಿಲ್ಲ.

"ಏಪ್ರಿಲ್" ಎಂದೆ. ಅದನ್ನು ಮೇಘು ಅನುವಾದ ಮಾಡಬೇಕಾಗಲಿಲ್ಲ. ಲೂಚಿಯಾ ತಲೆಯಾಡಿಸಿ ನನ್ನ ಕೈ ಬಿಟ್ಟರು.

ಸೂಟ್‌ಕೇಸ್ ಎತ್ತಿಕೊಂಡು ಇಳಿದೆ. ಒಳಗೆ ಏನೂ ಇರಲಿಲ್ಲ. ಆದರೂ ಎರಡನೇ ಮಹಡಿಯ ಹತ್ತಿರ ಅದನ್ನು ಕೆಳಗಿಟ್ಟು, ಸ್ವಲ್ಪ ಹೊತ್ತು ನಿಲ್ಲಬೇಕಾಯಿತು.